ಬೀಡಿಂಗ್ ಹೊಡೆಯೋಕೆ ಯಾವ ನೈಲ್ ಗನ್ ತಗೋಬೇಕು? ಮೊದಲು ಮೊಳೆ ಆರಿಸಿ, ಗನ್ ಆಮೇಲೆ

ಬಾಗಿಲ ಸುತ್ತ ಪಟ್ಟಿ, ಗೋಡೆ ಬುಡಕ್ಕೆ ಸ್ಕರ್ಟಿಂಗ್, ಕಪಾಟಿನ ಅಂಚಿಗೆ ಬೀಡಿಂಗ್, ಇವನ್ನೆಲ್ಲಾ ಸುತ್ತಿಗೇಲೇ ಹೊಡೆದವರಿಗೆ ಆ ಪಾಡು ಗೊತ್ತು. ಎಡಗೈಲಿ ಪಟ್ಟಿ ಒತ್ತಿ ಹಿಡೀಬೇಕು, ಅದೇ ಕೈಯ ಎರಡು ಬೆರಳಲ್ಲಿ ಮೊಳೆನೂ ಹಿಡೀಬೇಕು, ಬಲಗೈಲಿ ಸುತ್ತಿಗೆ, ಒಂದು ಏಟು ಜಾಸ್ತಿ ಬಿದ್ರೆ ಪಾಲಿಶ್ ಮಾಡಿದ ಪಟ್ಟಿ ಮೇಲೆ ಅರ್ಧಚಂದ್ರ, ಇನ್ನೊಂದು ಏಟು ತಪ್ಪಿದ್ರೆ ಹೆಬ್ಬೆರಳು. ನೈಲ್ ಗನ್ ಕೈಗೆ ಬಂದ್ರೆ ಪಟ್ಟಿ ಇಟ್ಟು ಒತ್ತಿ ಟಕ್ ಅನ್ಸಿದ್ರೆ ಆಯ್ತು, ಮೊಳೆ ತಲೆ ಮರದ ಒಳಗೆ ಕೂತಿರತ್ತೆ, ಪುಟ್ಟಿ ತುಂಬಿದ್ಮೇಲೆ ಎಲ್ಲಿ ಹೊಡೆದಿದ್ದು ಅಂತ ಹೊಡೆದವನಿಗೇ ಗೊತ್ತಾಗಲ್ಲ.

ಸಮಸ್ಯೆ ಏನಂದ್ರೆ ಅಂಗಡಿಗೆ ಹೋಗಿ "ಒಂದು ನೈಲ್ ಗನ್ ತೋರ್ಸಿ" ಅಂದ್ರೆ ನಾಲ್ಕೈದು ತರದ್ದು ತಂದು ಎದುರಿಗೆ ಇಡ್ತಾರೆ, ದೂರದಿಂದ ಎಲ್ಲಾ ಒಂದೇ ಜಾತಿ ತರ ಕಾಣತ್ತೆ. ನಾನು ಮೊದಲನೇ ಸಲ ಮಾಡಿದ್ದೂ ಅದೇ ತಪ್ಪು, ದೊಡ್ಡದು ತಗೊಂಡ್ರೆ ಚಿಕ್ಕ ಕೆಲಸನೂ ಆಗತ್ತಲ್ಲ ಅಂತ 16 ಗೇಜಿನ ಗನ್ ತಗೊಂಡು ಬಂದು, 8 ಎಂಎಂ ದಪ್ಪದ ತೆಳು ಬೀಡಿಂಗ್‌ಗೆ ಹೊಡೆದೆ. ಮೊದಲನೇ ಮೊಳೆಗೇ ಪಟ್ಟಿ ತುದಿಯಿಂದ ಒಂದು ಗೇಣು ಸೀಳಿ ಬಾಯಿ ಬಿಡ್ತು. ಎರಡನೇದು, ಮೂರನೇದೂ ಹಂಗೇ. ಗನ್ ಸರಿ ಇಲ್ಲ ಅಂತ ಅರ್ಧ ದಿನ ಗನ್ನನ್ನೇ ಬೈದುಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಗನ್ನು ಸರಿಯಾಗೇ ಇತ್ತು, ಆ ಪಟ್ಟಿಗೆ ಆ ಮೊಳೆ ಅಲ್ಲ ಅಷ್ಟೇ. ಅದಕ್ಕೇ ಈ ಲೇಖನದ ಉದ್ದಕ್ಕೂ ನಾನು ಮೊದಲು ಮೊಳೆ ಬಗ್ಗೆನೇ ಮಾತಾಡೋದು. ಗನ್ ಅನ್ನೋದು ಆ ಮೊಳೆನ ಒಳಗೆ ತಳ್ಳೋ ಯಂತ್ರ, ಇನ್ನೇನಿಲ್ಲ.

ಮೊದಲು: ಗೇಜ್ ಅಂದ್ರೆ ಏನು ಅಂತ ತಿಳ್ಕೊಳ್ಳಿ

ಗೇಜ್ ಅಂದ್ರೆ ಮೊಳೆಯ ದಪ್ಪ, ಆದ್ರೆ ಲೆಕ್ಕ ಉಲ್ಟಾ. ನಂಬರ್ ಜಾಸ್ತಿ ಆದಷ್ಟೂ ಮೊಳೆ ತೆಳು. ಇದು ತಂತಿ ಎಳೆಯೋ ಕಾಲದಿಂದ ಬಂದಿದ್ದು, ದಪ್ಪ ತಂತಿನ ಸಣ್ಣ ಸಣ್ಣ ತೂತಲ್ಲಿ ಹಾಯಿಸಿ ಎಳೀತಾ ಹೋದಂಗೆ ತೆಳು ಆಗತ್ತಲ್ಲ, ಹೆಚ್ಚು ಸಲ ಎಳೆದಿದ್ದಕ್ಕೆ ಹೆಚ್ಚು ನಂಬರ್. ಮೋಟರ್ ವೈಂಡಿಂಗ್ ಮಾಡೋರಿಗೆ ಇದು ಹೊಸದಲ್ಲ.

ಬೀಡಿಂಗ್ ಕೆಲಸಕ್ಕೆ ಹೆಚ್ಚಾಗಿ ಬರೋದು ನಾಲ್ಕು ಗೇಜು. 15 ಗೇಜ್ ಅಂದ್ರೆ ಸುಮಾರು 1.8 ಎಂಎಂ ದಪ್ಪ, 16 ಅಂದ್ರೆ 1.6 ಎಂಎಂ, 18 ಅಂದ್ರೆ 1.2 ಎಂಎಂ, 23 ಅಂದ್ರೆ ಬರೀ 0.6 ಎಂಎಂ, ಹೊಲಿಗೆ ಸೂಜಿ ತರ. ಮೊದಲನೇ ಎರಡಕ್ಕೆ ಫಿನಿಶ್ ನೈಲರ್ ಅಂತಾರೆ, 18ಕ್ಕೆ ಬ್ರ್ಯಾಡ್ ನೈಲರ್, 23ಕ್ಕೆ ಪಿನ್ ನೈಲರ್ ಅಥವಾ ಸುಮ್ನೆ ಪಿನ್ ಗನ್. ಒಂದು ಗೇಜಿನ ಗನ್ನಲ್ಲಿ ಇನ್ನೊಂದು ಗೇಜಿನ ಮೊಳೆ ಹೋಗಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ "ಅಡ್ಜಸ್ಟ್ ಮಾಡ್ಕೊಂಡ್ರೆ ಆಗತ್ತೆ" ಅಂದ್ಕೊಂಡು ತಗೊಂಡವರನ್ನ ನೋಡಿದೀನಿ.

ಕೆಲವು ಗನ್ನಿನ ಮೇಲೆ ಗೇಜ್ ಬರೆದೇ ಇರಲ್ಲ, ಎಫ್30, ಎಫ್50, ಟಿ50 ಅಂತ ಏನೋ ಇರತ್ತೆ. ಗಾಬರಿ ಬೇಡ. ಎಫ್ ಅಂದ್ರೆ 18 ಗೇಜ್ ಬ್ರ್ಯಾಡ್, ಪಕ್ಕದ ನಂಬರ್ ಎಷ್ಟು ಎಂಎಂ ಉದ್ದದ ಮೊಳೆ ತನಕ ಹಿಡಿಯತ್ತೆ ಅಂತ, ಅಂದ್ರೆ ಎಫ್30 ಗನ್ನಲ್ಲಿ 30 ಎಂಎಂ ತನಕ, ಎಫ್50ರಲ್ಲಿ 50 ತನಕ. ಟಿ ಅಂದ್ರೆ 16 ಗೇಜ್. ಎಸ್‌ಟಿ64 ಅಂತ ಇನ್ನೊಂದು ಕಾಣ್ಸತ್ತೆ, ಅದು ಕಾಂಕ್ರೀಟಿಗೆ ಹೊಡೆಯೋ ದಪ್ಪ ಮೊಳೆದು, ಬೀಡಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ, ಆ ಕಡೆ ತಿರುಗಿ ನೋಡ್ಬೇಡಿ.

ಎರಡನೇದು: ಈ ಮೊಳೆ ಏನು ಹೊರಬೇಕು ಅಂತ ಕೇಳ್ಕೊಳ್ಳಿ

ನನ್ನ ಪ್ರಕಾರ ಇಡೀ ಆಯ್ಕೆ ನಿಂತಿರೋದು ಈ ಒಂದು ಪ್ರಶ್ನೆ ಮೇಲೆ. ಪಟ್ಟಿನ ಜೀವನಪೂರ್ತಿ ಹಿಡಿದಿರಬೇಕಾದ್ದು ಮೊಳೆನೋ, ಅಥವಾ ಗೋಂದು ಒಣಗೋ ತನಕ ಹಿಡ್ಕೊಂಡಿದ್ರೆ ಸಾಕೋ?

ಬಾಗಿಲ ಚೌಕಟ್ಟು, ಅಗಲವಾದ ಸ್ಕರ್ಟಿಂಗ್, ಸೀಲಿಂಗಿನ ಕೆಳಗೆ ಓಡೋ ದೊಡ್ಡ ಮೋಲ್ಡಿಂಗ್, ಮೆಟ್ಟಿಲ ಪಕ್ಕದ ಹಲಗೆ, ಇವೆಲ್ಲಾ ಭಾರ ಇರೋವು, ಒದೆ ತಿನ್ನೋವು, ಮರ ಹಿಗ್ಗಿ ಕುಗ್ಗಿದಾಗ ಎಳೆದಾಡೋವು. ಇಲ್ಲಿ ತಲೆ ಇರೋ ದಪ್ಪ ಮೊಳೆ ಬೇಕು, 15 ಅಥವಾ 16. ಬಾಗಿಲ ಚೌಕಟ್ಟಿಗೆ ನಾನು 15ನೇ ಹೇಳೋದು, ಬಾಗಿಲು ದಿನಕ್ಕೆ ಇಪ್ಪತ್ತು ಸಲ ಹಾಕಿ ತೆಗೆದಾಗ ಆ ಹೊಡೆತ ಎಲ್ಲಾ ಹೋಗೋದು ಚೌಕಟ್ಟಿಗೆ. ಮಿಕ್ಕ ಸ್ಕರ್ಟಿಂಗ್ ಮೋಲ್ಡಿಂಗ್‌ಗೆ 16 ಧಾರಾಳ ಸಾಕು.

ಬಾಗಿಲ ಪಟ್ಟಿಯ ಒಳ ಅಂಚು, ತೆಳು ಬೀಡಿಂಗ್, ಸ್ಕರ್ಟಿಂಗ್ ಬುಡದಲ್ಲಿ ಹಾಕೋ ಕಾಲು ವೃತ್ತದ ಪಟ್ಟಿ (ಕ್ವಾರ್ಟರ್ ರೌಂಡ್), ಕಪಾಟಿನ ಪ್ಲೈವುಡ್ ಅಂಚು ಮುಚ್ಚೋ ಲಿಪ್ಪಿಂಗ್, ಇವಕ್ಕೆ 18 ಗೇಜ್. ಇದಕ್ಕೂ ಚಿಕ್ಕ ತಲೆ ಇದೆ, ಹಿಡಿತ ತಕ್ಕಮಟ್ಟಿಗೆ ಇದೆ, ಸೀಳೋದು ಕಮ್ಮಿ, ತೂತೂ ಚಿಕ್ಕದು.

23 ಗೇಜಿನ ಪಿನ್ನಿಗೆ ತಲೆನೇ ಇಲ್ಲ, ಇದ್ರೂ ಇದ್ದೂ ಇಲ್ಲದಂಗೆ. ಅದು ಮರದಲ್ಲಿ ನಿಲ್ಲೋದು ಬರೀ ಉಜ್ಜಾಟದಿಂದ. ಹಾಗಾಗಿ ಅದು ಗೋಂದಿನ ಕೈಯಾಳು, ಗೋಂದು ಒಣಗೋ ತನಕ ಕ್ಲ್ಯಾಂಪ್ ಬದಲು ಹಿಡ್ಕೊಳ್ಳೋಕೆ. ಮೋಲ್ಡಿಂಗ್ ಗೋಡೆ ಮಧ್ಯದಲ್ಲಿ ಮುಗಿಯೋ ಕಡೆ ತುದಿಗೆ ಬೆರಳುದ್ದದ ತುಂಡು ಕೂಡಿಸ್ತೀವಲ್ಲ, 45 ಡಿಗ್ರಿ ಮೂಲೆ ಜೋಡಿಸ್ತೀವಲ್ಲ, ಅಲ್ಲಿ ಬೇರೆ ಯಾವ ಮೊಳೆ ಹೊಡೆದ್ರೂ ತುಂಡು ಎರಡಾಗತ್ತೆ, ಪಿನ್ನು ಮಾತ್ರ ಸದ್ದಿಲ್ಲದೆ ಒಳಗೆ ಹೋಗತ್ತೆ. ಇದರ ಚಂದ ನೋಡಿ ಮರುಳಾಗಿ ನಾನು ಒಂದು ಸಲ ಇಡೀ ಕೋಣೆ ಸ್ಕರ್ಟಿಂಗನ್ನ ಗೋಂದು ಹಾಕದೆ ಪಿನ್ನಲ್ಲೇ ಹೊಡೆದೆ, ಅವತ್ತು ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ ಒಂದು ತೂತೂ ಕಾಣ್ತಿರ್ಲಿಲ್ಲ. ಬಿಸಿಲು ಕಾಲ ಬಂದು ಮರ ಒಣಗಿ ಬಾಗಿದ್ದೇ ತಡ, ಒಂದು ಬೆಳಿಗ್ಗೆ ಉದ್ದದ ಪಟ್ಟಿ ಗೋಡೆ ಬಿಟ್ಟು ಮುಂದಕ್ಕೆ ಬಂದು ನಿಂತಿತ್ತು, ಹಿಂದೆ ಸಾಲಾಗಿ ಪಿನ್ನುಗಳು, ಬಾಚಣಿಗೆ ಹಲ್ಲಿನ ತರ. ಗೋಡೆಯಿಂದ ಒಂದೂ ಮುರಿದಿರ್ಲಿಲ್ಲ, ಎಲ್ಲಾ ನೀಟಾಗಿ ಜಾರಿ ಹೊರಗೆ ಬಂದಿದ್ವು.

ಮೂರನೇದು: ಉದ್ದದ ಲೆಕ್ಕ ಹಾಕಿ

ಪಟ್ಟಿ ದಪ್ಪದ ಎರಡರಿಂದ ಮೂರು ಪಟ್ಟು ಉದ್ದ ಅನ್ನೋದು ಹಳೇ ಲೆಕ್ಕ, ತಪ್ಪಲ್ಲ, ಆದ್ರೆ ಮಧ್ಯದಲ್ಲಿ ಜಿಪ್ಸಮ್ ಬೋರ್ಡ್ ಇದ್ರೆ ಅದು ಕೈ ಕೊಡತ್ತೆ. ಜಿಪ್ಸಮ್ ಬೋರ್ಡು ಮೊಳೆನ ಹಿಡ್ಕೊಳ್ಳಲ್ಲ, ಅದು ಲೆಕ್ಕಕ್ಕೇ ಇಲ್ಲ, ಅದರ ಹಿಂದಿನ ಮರದ ಕಂಬಕ್ಕೋ ರೀಪಿಗೋ ಎಷ್ಟು ಹೋಯ್ತು ಅನ್ನೋದಷ್ಟೇ ಲೆಕ್ಕ. ಉದಾಹರಣೆಗೆ ಸ್ಕರ್ಟಿಂಗ್ 15 ಎಂಎಂ, ಬೋರ್ಡ್ 12.5 ಎಂಎಂ, ಅಲ್ಲಿಗೇ 27.5 ಆಯ್ತು. ಮರದ ಒಳಗೆ ಕನಿಷ್ಠ 20 ಎಂಎಂ ಆದ್ರೂ ಹೋಗ್ಬೇಕು ಅಂದ್ರೆ 47.5, ಅಂದ್ರೆ 50 ಎಂಎಂ ಮೊಳೆ. ಈಗ 30 ಎಂಎಂ ತನಕ ಮಾತ್ರ ಹೊಡೆಯೋ ಅಗ್ಗದ ಬ್ರ್ಯಾಡ್ ಗನ್ ಈ ಕೆಲಸಕ್ಕೆ ಆಗತ್ತಾ ನೀವೇ ಹೇಳಿ. ಮೊಳೆ ಹೋಗತ್ತೆ, ಟಕ್ ಅನ್ನತ್ತೆ, ಎಲ್ಲಾ ಸರಿ ಕಾಣತ್ತೆ, ತುದಿ ಮಾತ್ರ ಕಂಬಕ್ಕೆ ಮುತ್ತು ಕೊಟ್ಟು ನಿಂತಿರತ್ತೆ.

ಬಾಗಿಲ ಪಟ್ಟಿದು ಸ್ವಲ್ಪ ಮಜಾ ಇದೆ, ಒಂದೇ ಪಟ್ಟಿಗೆ ಎರಡು ಮೊಳೆ. ಒಳ ಅಂಚು ತೆಳು ಇರತ್ತೆ, ಅದು ನೇರ ಚೌಕಟ್ಟಿನ ಅಂಚಿಗೆ ಕೂರತ್ತೆ, ಮಧ್ಯ ಬೋರ್ಡ್ ಇಲ್ಲ, ಅಲ್ಲಿ 18 ಗೇಜ್ 30 ಅಥವಾ 32 ಎಂಎಂ. ಹೊರ ಅಂಚು ದಪ್ಪ, ಅದು ಬೋರ್ಡ್ ದಾಟಿ ಹಿಂದಿನ ಮರಕ್ಕೆ ಹೋಗ್ಬೇಕು, ಅಲ್ಲಿ 16 ಗೇಜ್ 50 ಎಂಎಂ. ಒಳ ಅಂಚಿಗೂ 50 ಹೊಡೆದ್ರೆ ಏನಾಗತ್ತೆ ಅಂದ್ರೆ ಚೌಕಟ್ಟು ದಾಟಿ ಹೊರಗೆ ಇಣುಕೋ ಸಾಧ್ಯತೆ ಇದೆ.

ಸಾಮಾನ್ಯವಾಗಿ 15 ಮತ್ತು 16 ಗೇಜ್ ಗನ್ನುಗಳು 64 ಎಂಎಂ, ಅಂದ್ರೆ ಎರಡೂವರೆ ಇಂಚಿನ ತನಕ ಹೋಗತ್ತೆ. 18ರಲ್ಲಿ ಒಳ್ಳೇದು 50ರ ತನಕ. ಉದ್ದ ಜಾಸ್ತಿ ಇದ್ರೆ ಒಳ್ಳೇದೇ ಅಂತ ಸಿಕ್ಕಿದ್ದೆಲ್ಲಾ ಉದ್ದ ಹೊಡೀಬೇಡಿ, ಗೋಡೆ ಒಳಗೆ ವೈರ್ ಇರತ್ತೆ, ನೀರಿನ ಪೈಪ್ ಇರತ್ತೆ. ಸ್ವಿಚ್ ಬೋರ್ಡ್ ಮೇಲೆ ಕೆಳಗೆ, ನಲ್ಲಿ ಇರೋ ಗೋಡೆ, ಇಲ್ಲೆಲ್ಲಾ ಮೊದಲು ವೈರ್ ಪೈಪ್ ಪತ್ತೆ ಮಾಡೋ ಡಿಟೆಕ್ಟರ್ ಆಡಿಸಿ ನೋಡ್ಕೊಂಡು, ಬೇಕಾದ್ದಕ್ಕಿಂತ ಒಂದು ಎಂಎಂ ಕೂಡ ಜಾಸ್ತಿ ಹೋಗ್ದಂಗೆ ಮೊಳೆ ಆರಿಸಿ.

ಇಟ್ಟಿಗೆ ಗೋಡೆ, ಕಾಂಕ್ರೀಟ್ ಗೋಡೆ ಅಂದ್ರೆ ಈ ನಾಲ್ಕೂ ಗೇಜು ಕೆಲಸಕ್ಕೆ ಬರಲ್ಲ, ಮೊಳೆ ಮಡಚಿ ವಾಪಸ್ ಬರತ್ತೆ, ಮುಖಕ್ಕೂ ಬರಬಹುದು. ಅಲ್ಲಿ ಮೊದಲು ಡ್ರಿಲ್ ಹಾಕಿ ಪ್ಲಗ್ಗು ಸ್ಕ್ರೂ ಹಾಕಿ ಮರದ ರೀಪು ಕೂಡಿಸಿ, ಆ ರೀಪಿಗೆ ಪಟ್ಟಿನ ಗನ್ನಲ್ಲಿ ಹೊಡೀರಿ. ರೀಪು ಬೇಡ ಅನ್ನೋರು ಕನ್‌ಸ್ಟ್ರಕ್ಷನ್ ಅಂಟು ಹಚ್ಚಿ ಅದು ಹಿಡಿಯೋ ತನಕ ಪಟ್ಟಿಗೆ ಆನಿಕೆ ಕೊಟ್ಟು ಬಿಡ್ತಾರೆ, ಅದೂ ಆಗತ್ತೆ, ಅಲ್ಲಿ ಗನ್ನೇ ಬೇಡ.

ಮರ ಯಾವುದು, ಮೇಲೆ ಬಣ್ಣನೋ ಪಾಲಿಶೋ

ಪೈನ್ ತರ ಮೆತ್ತನೆ ಮರ ಯಾವ ಗನ್ನಿಗೂ ಜಗ್ಗತ್ತೆ. ಓಕ್, ಮೇಪಲ್ ತರ ಗಟ್ಟಿ ಮರ ಬಂದಾಗ ಗನ್ನಿನ ಬಂಡವಾಳ ಹೊರಗೆ ಬೀಳೋದು, ಶಕ್ತಿ ಕಮ್ಮಿ ಇದ್ರೆ ಮೊಳೆ ತಲೆ ಒಂದೆರಡು ಎಂಎಂ ಹೊರಗೇ ನಿಂತುಬಿಡತ್ತೆ, ಆಮೇಲೆ ಪಂಚ್ ಇಟ್ಟು ಸುತ್ತಿಗೇಲಿ ಹೊಡ್ಕೊಂಡು ಕೂರ್ಬೇಕು, ಗನ್ ತಗೊಂಡಿದ್ದು ಯಾಕೆ ಮತ್ತೆ. ಎಂಡಿಎಫ್, ಅಂದ್ರೆ ಮರದ ನಾರನ್ನ ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಬೇರೆ ತರ, ಅದರಲ್ಲಿ ಮರದ ತರ ಉದ್ದ ಎಳೆ ಇಲ್ಲದೆ ಇರೋದ್ರಿಂದ ಮೊಳೆ ಸುತ್ತ ಅಣಬೆ ತರ ಉಬ್ಬತ್ತೆ, ದಪ್ಪ ಮೊಳೆ ಆದಷ್ಟೂ ಉಬ್ಬು ಜಾಸ್ತಿ. ಪುಟ್ಟಿ ಹಾಕೋಕೆ ಮುಂಚೆ ಆ ಉಬ್ಬನ್ನ ಹೆರೆದು ಮಟ್ಟ ಮಾಡ್ಕೊಳ್ಳಿ, ಇಲ್ದಿದ್ರೆ ಬಣ್ಣ ಹೊಡೆದ ಮೇಲೆ ಸಾಲಾಗಿ ಗುಳ್ಳೆ ಎದ್ದಂಗೆ ಕಾಣತ್ತೆ, ಸಂಜೆ ಬೆಳಕು ಅಡ್ಡ ಬಿದ್ದಾಗಂತೂ ಕೇಳ್ಲೇಬೇಡಿ.

ಬಣ್ಣ ಹೊಡೆಯೋ ಪಟ್ಟಿ ಆದ್ರೆ 16ರ ತೂತು ದೊಡ್ಡ ವಿಷಯ ಅಲ್ಲ, ಪುಟ್ಟಿ ನುಂಗತ್ತೆ. ಪಾಲಿಶ್ ಅಥವಾ ವಾರ್ನಿಶ್ ಆದ್ರೆ ಪ್ರತಿ ತೂತೂ ಕಾಣತ್ತೆ, ಹಾಗಾಗಿ ಹಿಡಿತಕ್ಕೆ ಗೋಂದು, ಅದು ಒಣಗೋ ತನಕ ಹಿಡ್ಕೊಳ್ಳೋಕೆ ಪಿನ್ನು ಅಥವಾ 18, ತೂತಿಗೆ ಮರದ ಬಣ್ಣದ ಮೇಣದ ಕಡ್ಡಿ. ಹೊರಗಡೆ ಮಳೆ ಬೀಳೋ ಕಡೆ, ಬಚ್ಚಲ ಬಾಗಿಲ ಕಡೆ ಆದ್ರೆ ಗ್ಯಾಲ್ವನೈಸ್ಡ್ ಅಥವಾ ಸ್ಟೇನ್‌ಲೆಸ್ ಮೊಳೆನೇ ಹಾಕಿ. ಓಕ್ ಮರದಲ್ಲಿ ಟ್ಯಾನಿನ್ ಅನ್ನೋ ಒಗರು ಅಂಶ ಜಾಸ್ತಿ, ಒದ್ದೆ ಆದ್ರೆ ಸಾದಾ ಕಬ್ಬಿಣದ ಮೊಳೆ ಸುತ್ತ ಕಪ್ಪು ಕಲೆ ಹಬ್ಬತ್ತೆ, ಅದು ಉಜ್ಜಿದ್ರೂ ಹೋಗಲ್ಲ.

ಈಗ ಗನ್ನು: ಗಾಳಿದೋ, ಬ್ಯಾಟರಿದೋ

ಗಾಳಿ ಗನ್ನು ಹಗುರ. 18 ಗೇಜಿನದು ಒಂದು ಒಂದೂವರೆ ಕೆಜಿ ಆಸುಪಾಸು, ಮೂತಿ ಚಿಕ್ಕದು, ಮೊಳೆ ಎಲ್ಲಿ ಬೀಳತ್ತೆ ಅಂತ ಸರಿಯಾಗಿ ಕಾಣತ್ತೆ, ಒಳಗೆ ಕೆಡೋ ಭಾಗ ಕಮ್ಮಿ, ಕೆಟ್ರೂ ಓ ರಿಂಗ್ ಅನ್ನೋ ರಬ್ಬರ್ ಬಳೆ ಬದಲಿಸಿದ್ರೆ ಮತ್ತೆ ಹೊಸದಾಗತ್ತೆ. ಬೆಲೆನೂ ಬ್ಯಾಟರಿದಕ್ಕಿಂತ ಎಷ್ಟೋ ಕಮ್ಮಿ. ಆದ್ರೆ ಕಂಪ್ರೆಸರ್ ಬೇಕು, ಹೋಸು ಬೇಕು, ಕಂಪ್ರೆಸರ್ ಆನ್ ಆದಾಗಲೆಲ್ಲಾ ಮನೆಮಂದಿ ಮುಖ ನೋಡ್ಬೇಕು. ಬೀಡಿಂಗ್ ಕೆಲಸಕ್ಕೆ ದೊಡ್ಡ ಕಂಪ್ರೆಸರ್ ಏನೂ ಬೇಕಾಗಿಲ್ಲ, ಈ ಗನ್ನುಗಳು ಹೊಡೆತಕ್ಕೆ ಗಾಳಿ ತಿನ್ನೋದು ಬಹಳ ಕಮ್ಮಿ, 10ರಿಂದ 24 ಲೀಟರ್ ಟ್ಯಾಂಕ್ ಇರೋ ಚಿಕ್ಕದು ಸಾಕು. ಒತ್ತಡ ಮಾಮೂಲಿ 70ರಿಂದ 100 ಪಿಎಸ್ಐ ಒಳಗೆ ಓಡತ್ತೆ, ಗನ್ನಿನ ಮೇಲೆ ಬರೆದಿರೋ ಗರಿಷ್ಠ ದಾಟಿಸ್ಬೇಡಿ. ಮತ್ತೆ ಕಂಪ್ರೆಸರ್ ಇಲ್ಲ ಅಂತ ಯಾವುದೋ ಸಿಲಿಂಡರ್ ಗ್ಯಾಸ್ ಕೂಡಿಸೋ ಬುದ್ಧಿವಂತಿಕೆ ಯಾವತ್ತೂ ಬೇಡ, ಆಕ್ಸಿಜನ್ ಕೂಡಿಸಿದ್ರೆ ಗನ್ ಕೈಯಲ್ಲೇ ಸಿಡಿಯತ್ತೆ.

ಬ್ಯಾಟರಿ ಗನ್ನು ಸುಖ. ಹೋಸ್ ಇಲ್ಲ, ಕಂಪ್ರೆಸರ್ ಸದ್ದಿಲ್ಲ, ಎತ್ಕೊಂಡು ಹೋಗಿ ಮೂರು ಮೊಳೆ ಹೊಡೆದು ಬರಬಹುದು, ಆ ಮೂರು ಮೊಳೆಗೆ ಕಂಪ್ರೆಸರ್ ಹೊತ್ಕೊಂಡು ಹೋಗೋ ಕಷ್ಟ ಪಟ್ಟವರಿಗೇ ಇದರ ಬೆಲೆ ಗೊತ್ತು. ಆದ್ರೆ ತೂಕ ಎರಡೂವರೆ ಮೂರು ಕೆಜಿ ಮೇಲೆ, ಏಣಿ ಮೇಲೆ ನಿಂತು ತಲೆ ಮೇಲಿನ ಮೋಲ್ಡಿಂಗ್‌ಗೆ ಒಂದೇ ಕೈಲಿ ಹಿಡಿದು ನೋಡಿ, ಹತ್ತನೇ ಮೊಳೆ ಹೊತ್ತಿಗೆ ತೋಳು ನಡುಗತ್ತೆ. ಮೂತಿನೂ ದಪ್ಪ, ಮೂಲೆಗೆ ಸರಿಯಾಗಿ ಹೋಗಲ್ಲ. ಇದರಲ್ಲೂ ಎರಡು ತರ ಇದೆ, ಒಳಗೆ ಚಕ್ರ ತಿರುಗಿ ಹೊಡೆಯೋದು, ಅದು ಒತ್ತಿದ್ಮೇಲೆ ಝೂಂ ಅಂತ ವೇಗ ಹಿಡಿಯೋಕೆ ಅರೆಕ್ಷಣ ತಗೊಳತ್ತೆ. ಇನ್ನೊಂದು ಒಳಗೆ ಸೀಲ್ ಮಾಡಿದ ಗಾಳಿ ಅಥವಾ ನೈಟ್ರೋಜನ್ ತುಂಬಿರೋದು, ಅದು ಗಾಳಿ ಗನ್ನಿನ ತರನೇ ತಕ್ಷಣ ಹೊಡೆಯತ್ತೆ. ಕೈಯಲ್ಲಿ ಹಿಡಿದು ಎರಡನ್ನೂ ಹೊಡೆದು ನೋಡಿದ್ರೆ ಎರಡನೇದೇ ಇಷ್ಟ ಆಗತ್ತೆ. ಗ್ಯಾಸ್ ಕ್ಯಾನಿಸ್ಟರ್ ಹಾಕೋ ಗನ್ನೂ ಇದೆ, ಹಗುರ, ಶಕ್ತಿವಂತ, ಆದ್ರೆ ಗ್ಯಾಸ್ ಮುಗಿದಾಗ ಮತ್ತೆ ಸಿಗತ್ತಾ ಅಂತ ನೋಡ್ಕೊಳ್ಳಿ, ಮುಚ್ಚಿದ ಕೋಣೇಲಿ ವಾಸನೆನೂ ಬರತ್ತೆ.

ನನ್ನ ಅಭಿಪ್ರಾಯ ಕೇಳಿದ್ರೆ, ಕಂಪ್ರೆಸರ್ ಈಗಾಗಲೇ ಇದ್ದವರು ಬ್ಯಾಟರಿ ಕಡೆ ಕಣ್ಣು ಹಾಕ್ಬೇಡಿ, ಆ ದುಡ್ಡಿಗೆ ಗಾಳಿದು ಎರಡು ಗನ್ ಬರತ್ತೆ. ಡ್ರಿಲ್ಲು ಗ್ರೈಂಡರ್ ಎಲ್ಲಾ ಒಂದೇ ಕಂಪನಿ ಬ್ಯಾಟರಿದು ಇದ್ರೆ ಅದೇ ಬ್ಯಾಟರಿಗೆ ಕೂರೋ, ಬ್ಯಾಟರಿ ಇಲ್ಲದೆ ಮಾರೋ ಗನ್ ತಗೊಳ್ಳೋದು ಲಾಭ. ಎರಡೂ ಇಲ್ಲ, ಒಂದೇ ಮನೆ ಕೆಲಸ ಅಂದ್ರೆ ಬಾಡಿಗೆಗೆ ತನ್ನಿ.

ಅಂಗಡಿಯಲ್ಲಿ ಕೈಗೆ ತಗೊಂಡಾಗ ಏನು ನೋಡೋದು

ಟ್ರಿಗರ್ ಮೊದಲು ನೋಡಿ. ಎರಡು ತರ ಬರತ್ತೆ. ಸೀಕ್ವೆನ್ಶಿಯಲ್ ಅಂದ್ರೆ ಮೂತಿನ ಮರಕ್ಕೆ ಒತ್ತಿದ ಮೇಲೆ ಟ್ರಿಗರ್ ಎಳೆದ್ರೆ ಒಂದು ಮೊಳೆ, ಮುಂದಿನದಕ್ಕೆ ಮತ್ತೆ ಎತ್ತಿ ಒತ್ತಿ ಎಳೀಬೇಕು. ಕಾಂಟ್ಯಾಕ್ಟ್ ಅಂದ್ರೆ ಟ್ರಿಗರ್ ಎಳೆದೇ ಇಟ್ಕೊಂಡು ಮೂತಿ ಮುಟ್ಟಿಸಿದಲ್ಲೆಲ್ಲಾ ಮೊಳೆ, ಟಕಟಕ ಅಂತ. ಬೀಡಿಂಗ್‌ಗೆ ಸೀಕ್ವೆನ್ಶಿಯಲ್ಲೇ ಬೇಕು, ಇದರಲ್ಲಿ ಎರಡು ಮಾತಿಲ್ಲ. ಅಮೆರಿಕದ ಓಶಾ ಮತ್ತು ನಯೋಶ್ ಅನ್ನೋ ಕೆಲಸಗಾರರ ಸುರಕ್ಷತೆ ಸಂಸ್ಥೆಗಳು 2011ರಲ್ಲಿ ತಂದ ನೈಲ್ ಗನ್ ಕೈಪಿಡಿಯಲ್ಲಿ ಕಾಂಟ್ಯಾಕ್ಟ್ ಟ್ರಿಗರಿನಲ್ಲಿ ಗಾಯ ಆಗೋ ಅಪಾಯ ಸೀಕ್ವೆನ್ಶಿಯಲ್ಲಿಗಿಂತ ಎರಡರಷ್ಟು ಅಂತಾನೇ ಬರೆದಿದೆ. ಗನ್ನು ಹೊಡೆದಾಗ ಹಿಂದಕ್ಕೆ ನೆಗೆಯತ್ತಲ್ಲ, ಮತ್ತೆ ಮುಂದಕ್ಕೆ ಬಂದು ಮುಟ್ಟಿದ್ರೆ ನಿಮಗೆ ಗೊತ್ತಿಲ್ಲದೇ ಎರಡನೇ ಮೊಳೆ ಹೋಗಿರತ್ತೆ.

ಆಮೇಲೆ ಆಳ ಹೊಂದಿಸೋ ಚಕ್ರ. ಬೆರಳಲ್ಲೇ ತಿರುಗಬೇಕು, ಅಲೆನ್ ಕೀ ಹುಡುಕೋ ಹಾಗಿರ್ಬಾರ್ದು. ಮೊಳೆ ಖಾಲಿ ಆದಾಗ ಟ್ರಿಗರ್ ಲಾಕ್ ಆಗತ್ತಾ ಕೇಳಿ, ಇದಿಲ್ದಿದ್ರೆ ಖಾಲಿ ಗನ್ನಲ್ಲಿ ನಾಲ್ಕು ಅಡಿ ಸ್ಕರ್ಟಿಂಗ್ ಹೊಡೆದು ಮುಂದಕ್ಕೆ ಹೋಗಿರ್ತೀರಿ, ಪಟ್ಟಿ ಮೇಲೆ ಬರೀ ಗನ್ನಿನ ಗುದ್ದಿನ ಗುರುತು, ಮೊಳೆ ಒಂದೂ ಇಲ್ಲ. ಮೂತಿಗೆ ರಬ್ಬರ್ ಟೊಪ್ಪಿ ಇದೆಯಾ, ಕಳೆದ್ರೆ ಇನ್ನೊಂದು ಇಟ್ಟಿದಾರಾ ನೋಡಿ, ಅದು ಕಳೆದೇ ಕಳೆಯತ್ತೆ. ಮೊಳೆ ಸಿಕ್ಕಿಹಾಕ್ಕೊಂಡಾಗ ಮೂತಿ ಮುಚ್ಚಳ ಕ್ಲಿಪ್ ಬಿಚ್ಚಿದ್ರೆ ತೆರೆಯತ್ತಾ, ಸ್ಕ್ರೂ ಬಿಚ್ಬೇಕಾ. ಗಾಳಿ ಹೊರಗೆ ಹೋಗೋ ತೂತನ್ನ ತಿರುಗಿಸಬಹುದಾ, ಇಲ್ದಿದ್ರೆ ಧೂಳೆಲ್ಲಾ ಕಣ್ಣಿಗೆ.

15 ಗೇಜ್ ತಗೊಳ್ಳೋರಿಗೆ ಒಂದು ಕಿವಿಮಾತು. ಅದರ ಮೊಳೆಗಳು ಸಾಲಾಗಿ ಅಂಟಿರೋ ಪಟ್ಟಿ ಓರೆಯಾಗಿ ಬರತ್ತೆ, ಮೂಲೆಗೆ ಗನ್ ತೂರಿಸೋಕೆ ಅದು ಒಳ್ಳೇದೇ, ಆದ್ರೆ ಡಿಎ ಮತ್ತು ಎಫ್‌ಎನ್ ಅಂತ ಎರಡು ಕೋನದಲ್ಲಿ ಬರತ್ತೆ, ಡಿಎ 34 ಡಿಗ್ರಿ, ಎಫ್‌ಎನ್ 25 ಡಿಗ್ರಿ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಗನ್ ತಗೊಳ್ಳೋಕೆ ಮುಂಚೆ ಅದೇ ಅಂಗಡೀಲಿ ಯಾವ ಮೊಳೆ ಯಾವಾಗಲೂ ಸಿಗತ್ತೆ ಅಂತ ಕೇಳಿ, ಗನ್ ಆಮೇಲೆ ಆರಿಸಿ. 16 ಮತ್ತು 18ರಲ್ಲಿ ನೇರ ಪಟ್ಟಿನೇ ಹೆಚ್ಚು ಸಿಗೋದು, ಅಲ್ಲಿ ಈ ತಲೆನೋವು ಕಮ್ಮಿ.

ಮೊದಲನೇ ಗನ್ ಒಂದೇ ತಗೊಳ್ಳೋದಾದ್ರೆ ಯಾವುದು? 18 ಗೇಜ್, 50 ಎಂಎಂ ತನಕ ಹೋಗೋದು. 30ರದ್ದು ಅಲ್ಲ. ಇದರಲ್ಲಿ ಬೀಡಿಂಗ್ ಕೆಲಸದ ಹೆಚ್ಚಿನ ಪಾಲು ಆಗೋಗತ್ತೆ, ಸ್ಕರ್ಟಿಂಗ್ ಕೂಡ ಅಂಟು ಹಚ್ಚಿ ಹೊಡೆದ್ರೆ ನಿಲ್ಲತ್ತೆ. ಎರಡನೇದು 16. ಮೂರನೇದು ಪಿನ್ ಗನ್, ಅದು ಬೇಕೇ ಬೇಕು ಅಂತಲ್ಲ, ಆದ್ರೆ ಒಂದು ಸಲ ಬಳಸಿದ್ರೆ ಬಿಡೋಕಾಗಲ್ಲ. 15 ಬಾಗಿಲ ಚೌಕಟ್ಟು ಕೂಡಿಸೋರಿಗೆ.

ಹೊಡೆಯೋಕೆ ಮುಂಚೆ ಮತ್ತು ಹೊಡೆಯುವಾಗ

ಅದೇ ಪಟ್ಟಿಯ ತುಂಡಿಗೆ ನಾಲ್ಕು ಮೊಳೆ ಹೊಡೆದು ನೋಡಿ, ಬೇರೆ ಮರದ ತುಂಡಿಗಲ್ಲ. ತಲೆ ಒಂದರಿಂದ ಎರಡು ಎಂಎಂ ಒಳಗೆ ಕೂರ್ಬೇಕು, ಪುಟ್ಟಿ ಹಿಡಿಯೋಕೆ ಅಷ್ಟು ಸಾಕು. ಜಾಸ್ತಿ ಒಳಗೆ ಹೋದ್ರೆ ಆಳದ ಚಕ್ರ ತಿರುಗಿಸಿ, ಆಮೇಲೆ ಬೇಕಾದ್ರೆ ಒತ್ತಡ ಇಳಿಸಿ.

ಈಗ ಯಾರೂ ಹೇಳಿಕೊಡದ ಒಂದು ವಿಷಯ. ಒಂದು 18 ಗೇಜ್ ಮೊಳೆನ ಅದರ ಮೊಳೆ ಸಾಲಿಂದ ಮುರಿದು ಬೆಳಕಿಗೆ ಹಿಡಿದು ತುದಿ ನೋಡಿ. ಸೂಜಿ ತರ ಮೊನೆ ಇರಲ್ಲ, ಉಳಿ ತರ ಎರಡು ಕಡೆಯಿಂದ ಇಳಿಜಾರಾಗಿ ಕತ್ತರಿಸಿರತ್ತೆ. ಆ ಉಳಿ ಬಾಯಿ ಮೊಳೆಗಳು ಸಾಲಾಗಿ ಅಂಟಿರೋ ದಿಕ್ಕಲ್ಲೇ ಇರತ್ತೆ. ಹಾಗಾಗಿ ಒಳಗೆ ಹೋಗ್ತಾ ಗಟ್ಟಿ ಎಳೆಯೋ ಗಂಟೋ ಸಿಕ್ಕಿದ್ರೆ ಮೊಳೆ ಜಾರೋದು ಗನ್ನಿನ ಎಡಕ್ಕೆ ಅಥವಾ ಬಲಕ್ಕೆ, ಹಿಂದೆ ಮುಂದೆ ಅಲ್ಲ. ಇದು ಗೊತ್ತಾದ್ರೆ ಗನ್ ಹೇಗೆ ಹಿಡೀಬೇಕು ಅಂತ ತಾನಾಗೇ ಗೊತ್ತಾಗತ್ತೆ, ಮೊಳೆ ತುಂಬೋ ಉದ್ದನೆ ಮ್ಯಾಗಜಿನ್ ಪಟ್ಟಿಯ ಉದ್ದಕ್ಕೆ ಅಡ್ಡವಾಗಿರಬೇಕು. ಆಗ ಮೊಳೆ ಬಾಗಿದ್ರೂ ಪಟ್ಟಿ ಉದ್ದಕ್ಕೆ ಮರದ ಒಳಗೇ ಓಡತ್ತೆ. ಉದ್ದಕ್ಕೆ ಹಿಡಿದು ಹೊಡೆದ್ರೆ ಬಾಗಿದ ಮೊಳೆ ಪಟ್ಟಿ ಪಕ್ಕದಿಂದ ಮೀನಿನ ಮುಳ್ಳಿನ ತರ ಹೊರಗೆ ಬರತ್ತೆ. ನನಗೆ ಒಂದು ಸಲ ಬಂದಿತ್ತು, ಪಟ್ಟಿ ಹಿಡಿದಿದ್ದ ತೋರುಬೆರಳ ಪಕ್ಕಕ್ಕೇ, ಉಗುರು ಚರ್ಮ ಸೇರೋ ಜಾಗಕ್ಕೆ. ಅವತ್ತಿಂದ ಹಿಡಿದ ಕೈ ಮೊಳೆ ಉದ್ದಕ್ಕಿಂತ ಜಾಸ್ತಿ ದೂರ, 50 ಎಂಎಂ ಮೊಳೆ ಆದ್ರೆ ಕೈ ಒಂದು ಗೇಣು ಆಚೆ. ತುಂಡು ಚಿಕ್ಕದಾದ್ರೆ ಕ್ಲ್ಯಾಂಪ್ ಹಾಕಿ, ಬೆರಳು ಕೊಡ್ಬೇಡಿ.

ತುದಿ ಹತ್ತಿರ ಹೊಡೆದ್ರೆ ಸೀಳತ್ತೆ. 16ರಲ್ಲಿ ತುದಿಯಿಂದ ಎರಡು ಇಂಚು ಬಿಡ್ತೀನಿ ನಾನು, 18ರಲ್ಲಿ ಒಂದು ಇಂಚು, ಅದಕ್ಕಿಂತ ಹತ್ತಿರ ಬೇಕಾದ್ರೆ ಪಿನ್ನು. ಗಟ್ಟಿ ಮರದಲ್ಲಿ ತುದಿಗೆ ಮೊಳೆ ಬೇಕೇ ಬೇಕು ಅಂದ್ರೆ ಸಣ್ಣ ಬಿಟ್ಟಲ್ಲಿ ತೂತು ಹಾಕಿ ಕೈಯಲ್ಲೇ ಹೊಡೆದುಬಿಡಿ, ಅದರಲ್ಲಿ ಅವಮಾನ ಏನಿಲ್ಲ. ಹಿಂದೆ ಕಂಬ ಸಿಗದ ಕಡೆ ಅಂಟು ಹಚ್ಚಿ ಎರಡು ಮೊಳೆನ ಎದುರುಬದುರು ಓರೆಯಾಗಿ ಕತ್ತರಿ ತರ ಹೊಡೀರಿ, ಒಂದು ಇನ್ನೊಂದನ್ನ ಜಾರೋಕೆ ಬಿಡಲ್ಲ, ಅಂಟು ಒಣಗೋ ತನಕ ನಿಲ್ಲತ್ತೆ.

ಕಣ್ಣಿಗೆ ಕನ್ನಡಕ ಹಾಕ್ಕೊಳ್ಳದೆ ಒಂದು ಮೊಳೆನೂ ಹೊಡೀಬೇಡಿ. ಮೊಳೆ ಸಿಕ್ಕಿಹಾಕ್ಕೊಂಡ್ರೆ ಮೊದಲು ಹೋಸ್ ಕಳಚಿ ಅಥವಾ ಬ್ಯಾಟರಿ ತೆಗೀರಿ, ಆಮೇಲೆ ಮೂತಿ ಬಿಚ್ಚಿ. ಏಣಿ ಹತ್ತುವಾಗ ಬೆರಳು ಟ್ರಿಗರ್ ಮೇಲೆ ಇರ್ಬಾರ್ದು.

ಗಾಳಿ ಗನ್ನಿಗೆ ದಿನಾ ಕೆಲಸ ಶುರು ಮಾಡೋ ಮುಂಚೆ ಗಾಳಿ ಬರೋ ತೂತಿಗೆ ಎರಡು ಮೂರು ಹನಿ ನ್ಯೂಮ್ಯಾಟಿಕ್ ಎಣ್ಣೆ, ಅಡುಗೆ ಎಣ್ಣೆ ಇಂಜಿನ್ ಎಣ್ಣೆ ಅಲ್ಲ, ಆಯಿಲ್‌ಲೆಸ್ ಅಂತ ಬರೆದಿದ್ರೆ ಅದೂ ಬೇಡ. ಸಂಜೆ ಕಂಪ್ರೆಸರ್ ಟ್ಯಾಂಕಿನ ಕೆಳಗಿನ ನಲ್ಲಿ ಬಿಚ್ಚಿ ನೀರು ಬಿಡಿ, ಒಳಗೆ ತುಕ್ಕು ಹಿಡಿಯಲ್ಲ.

ಕಡೇದಾಗಿ ಮೊಳೆ ಡಬ್ಬ. ಒಂದೊಂದು ಉದ್ದದ್ದು ಚಿಕ್ಕ ಚಿಕ್ಕ ಡಬ್ಬ ತಗೊಳ್ಳಿ, ಮುಚ್ಚಳದ ಮೇಲೆ ಮಾರ್ಕರಲ್ಲಿ ಗೇಜು ಉದ್ದ ಎರಡನ್ನೂ ದಪ್ಪಕ್ಕೆ ಬರೀರಿ. ಮ್ಯಾಗಜಿನ್ನಲ್ಲಿ ನಿನ್ನೆ ಉಳಿದ ಮೊಳೆ ಇದ್ರೆ ಇವತ್ತು ಬೆಳಿಗ್ಗೆ ತೆಗೆದು ಅಳೆದು ನೋಡಿ ಶುರು ಮಾಡಿ. ಹೋದ ಸಲ ನಾನು ಅಳೆಯದೆ, 30 ಇದೆ ಅಂದ್ಕೊಂಡು ಕಪಾಟಿನ ಅಂಚಿಗೆ ಹನ್ನೆರಡು ಮೊಳೆ ಹೊಡೆದು ಮುಗಿಸಿ ಬಾಗಿಲು ತೆಗೆದು ನೋಡಿದ್ರೆ, ಒಳಗೆ ಬಟ್ಟೆ ಇಡೋ ಜಾಗದಲ್ಲಿ ಹನ್ನೆರಡು ಮೊನೆ ಸಾಲಾಗಿ ನನ್ನನ್ನೇ ನೋಡ್ತಿದ್ವು.